ಹೆಂಡತಿಯ ತೋಳು, ಮೇಸ್ತ್ರಿಯ ಹೆಸರು

ಎರಕದ ಕಾರ್ಖಾನೆಯಲ್ಲಿ ಅವನಿಗೆ ಎರಡು ಹೆಸರು. ಎದುರಿಗೆ ಮೇಸ್ತ್ರಿ, ಬೆನ್ನ ಹಿಂದೆ ಗುಮಾನಿ ಮೇಸ್ತ್ರಿ. ಎರಡನೆಯದೂ ಅವನಿಗೆ ಗೊತ್ತಿತ್ತು, ಯಾಕೆಂದರೆ ಬೆನ್ನ ಹಿಂದೆ ಯಾರು ಏನಂದರು ಎಂದು ತಿಳಿಯದೆ ಅನ್ನ ಅರಗಿಸಿಕೊಳ್ಳುವ ಪೈಕಿಯೇ ಅಲ್ಲ ಅವನು. ಮೂವತ್ತೊಂದು ವರ್ಷದಿಂದ ಅಚ್ಚು ಕಟ್ಟುವ ಕೆಲಸ. ಕರಿಮರಳನ್ನು ಹದ ಮಾಡಿ, ಪೆಟ್ಟಿಗೆಗೆ ತುಂಬಿ, ಗುದ್ದಿ, ಅದರೊಳಗೆ ಪಂಪಿನ ಹೊಟ್ಟೆಯನ್ನೋ ಚರಂಡಿಯ ಮುಚ್ಚಳವನ್ನೋ ಟೊಳ್ಳಾಗಿ ಮೂಡಿಸಬೇಕು. ಕರಗಿದ ಕಬ್ಬಿಣ ಹೊಯ್ದು, ಅದು ಆರಿದ ಮೇಲೆ, ಸುತ್ತಿಗೆಯಿಂದ ತಟ್ಟಿ ಕಿವಿಗೊಡಬೇಕು. ಮೇಲೆ ನೋಡಿದರೆ ಕನ್ನಡಿಯ ಹಾಗಿರುತ್ತದೆ, ಒಳಗೆ ಗಾಳಿಗುಳ್ಳೆ. ಮೂವತ್ತೊಂದು ವರ್ಷ ಇಂಥ ಮೋಸಗಳನ್ನೇ ಕೇಳಿಸಿಕೊಂಡವನು ಮನುಷ್ಯರನ್ನು ತಟ್ಟಿ ನೋಡದೆ ಬಿಡುತ್ತಾನೆಯೇ? ಸಾಧ್ಯವೇ ಇಲ್ಲ.

ಹಾಲಿನವನು ನೀರು ಬೆರೆಸುತ್ತಾನೆ ಎಂದು ಮನೆಗೆ ಹಾಲನ್ನೇ ನಿಲ್ಲಿಸಿ ಕರಿ ಚಹಾ ಕುಡಿದವನು ಅವನು. ಮಗಳನ್ನು ಕೇಳಿಕೊಂಡು ಬಂದ ಗಂಡುಗಳನ್ನು ಬೀದಿ ಬೀದಿ ಹಿಂಬಾಲಿಸಿದ. ನಾಲ್ವರು ಸಿಕ್ಕಿಬಿದ್ದರು, ಒಬ್ಬ ಸಾರಾಯಿ ಅಂಗಡಿಯಲ್ಲಿ, ಒಬ್ಬ ಇಸ್ಪೀಟಿನ ಅಡ್ಡೆಯಲ್ಲಿ, ಇನ್ನಿಬ್ಬರು ಎಲ್ಲಿ ಎಂದು ಹೇಳುವ ಹಾಗಿಲ್ಲ. ಐದನೆಯವನು ನಡುಬೀದಿಯಲ್ಲಿ ನಿಂತು ಹಿಂತಿರುಗಿ, "ಮಾವ, ಬಿಸಿಲು ಜಾಸ್ತಿ ಇದೆ, ಜೊತೆಗೇ ನಡೆಯೋಣ ಬನ್ನಿ" ಎಂದ. ಮಗಳನ್ನು ಅವನಿಗೇ ಕೊಟ್ಟ. ಕೊಟ್ಟ ಮೇಲೂ ಆರು ತಿಂಗಳು ಹಿಂಬಾಲಿಸಿದ ಅನ್ನುವುದು ಬೇರೆ ಮಾತು.

ಈಗ ಮನೆಯಲ್ಲಿ ಅವನು ಮತ್ತು ಅವನ ಹೆಂಡತಿ. ಎರಡು ಕೋಣೆ, ಒಂದು ಅಡುಗೆ ಗೂಡು. ಗೂಡಿಗೆ ಕಿಟಕಿಯಿಲ್ಲ, ಗೋಡೆಯ ಎತ್ತರದಲ್ಲಿ ಎರಡು ಇಟ್ಟಿಗೆ ತೆಗೆದ ಕಿಂಡಿ. ಕಾರ್ಖಾನೆ ಬೀದಿಯ ಹದಿನಾಲ್ಕು ಮನೆಗಳೂ ಹೀಗೆಯೇ. ಹದಿನಾಲ್ಕು ಮನೆಯ ಒಲೆಗಳಿಗೂ ಕಾರ್ಖಾನೆಯ ಕುಲುಮೆಯಿಂದ ಆಯ್ದು ತಂದ ಅರೆಬೆಂದ ಕಲ್ಲಿದ್ದಲ ಚೂರು. ಪುಕ್ಕಟೆ ಸಿಗುವುದನ್ನು ಯಾರು ಬಿಡುತ್ತಾರೆ? ಅದರ ಹೊಗೆ ಕಣ್ಣಿಗೆ ಕಾಣುವುದು ಕಡಿಮೆ, ಗಂಟಲಿಗೆ ಗೊತ್ತಾಗುವುದೇ ಹೆಚ್ಚು.

ಆ ಕಾರ್ಖಾನೆಯದ್ದು ಇನ್ನೊಂದು ಹಳೆಯ ಪದ್ಧತಿ. ಕುಲುಮೆಯ ಪಕ್ಕದಲ್ಲಿ ಸದಾ ಒಂದು ಬಕೆಟ್ ನೀರು, ಅದರಲ್ಲಿ ಎರಡು ಹಿಡಿ ಉಪ್ಪು. ಬೆವರಿನಲ್ಲಿ ಹೋದದ್ದನ್ನು ಬಾಯಿಂದ ತುಂಬಿಸಿಕೊಳ್ಳದಿದ್ದರೆ ಸಂಜೆಯೊಳಗೆ ಕಾಲು ಸೆಟೆದುಕೊಳ್ಳುತ್ತದೆ ಎಂದು ಹಿರಿಯರು ಹೇಳಿದ್ದು. ಬಕೆಟ್ಟಿನ ಉಪ್ಪಿನಲ್ಲೂ ಮಾಲೀಕ ಜಿಪುಣತನ ಮಾಡುತ್ತಾನೆ ಎಂಬ ಗುಮಾನಿಯಿಂದ ಮೇಸ್ತ್ರಿ ತನ್ನ ಜೇಬಿನಲ್ಲೇ ಒಂದು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳುತ್ತಿದ್ದ. ಹೀಗೆ ದಿನವಿಡೀ ಉಪ್ಪುನೀರು ಕುಡಿದ ನಾಲಿಗೆಗೆ ಮನೆಯ ಊಟ ಸಪ್ಪೆ. ಆದ್ದರಿಂದ ಆ ಬೀದಿಯ ಹೆಂಗಸರೆಲ್ಲ ಅಡುಗೆಗೆ ಒಂದಕ್ಕೆರಡು ಉಪ್ಪು ಸುರಿಯುವುದನ್ನು ಮದುವೆಯಾದ ಹೊಸತರಲ್ಲೇ ಕಲಿಯುತ್ತಿದ್ದರು. ಗಂಡ ಉಂಡ ಮೇಲೆ ಅದೇ ಅಡುಗೆಯನ್ನು ತಾವೂ ಉಣ್ಣುತ್ತಿದ್ದರು.

ಆ ವರ್ಷ ಬಿಸಿಲು ಏರುವ ಹೊತ್ತಿನಲ್ಲಿ ಕುಲುಮೆಗೆ ಕಲ್ಲಿದ್ದಲು ಎತ್ತುವವನೊಬ್ಬ ಸಲಿಕೆ ಹಿಡಿದುಕೊಂಡೇ ಕುಸಿದುಬಿದ್ದ. ನಲವತ್ತೆರಡು ವರ್ಷ, ಎತ್ತಿನಂಥ ಆಳು. ಬಕೆಟ್ಟಿನ ನೀರು ಮುಖಕ್ಕೆ ಎರಚುವ ಹೊತ್ತಿಗೆ ಮುಗಿದಿತ್ತು. ಎದೆಹೊಡೆತ ಎಂದರು. ಮಾಲೀಕ ಹೂವಿನ ಮಾಲೆ ಕಳಿಸಿದ, ಮರುವಾರ ಆ ಸಲಿಕೆಗೆ ಹೊಸಬನನ್ನು ತಂದ. ಅದಾಗಿ ಎರಡು ವಾರಕ್ಕೆ ನರ್ಸಮ್ಮ ಬೀದಿಗೆ ಕಾಲಿಟ್ಟಳು.

ನಡುವಯಸ್ಸಿನ ಹೆಂಗಸು, ಹೆಗಲಿಗೆ ಚೀಲ, ಕಾಲಿಗೆ ಸವೆದ ಚಪ್ಪಲಿ. ಮೊದಲು ಬಂದದ್ದೇ ಮೇಸ್ತ್ರಿಯ ಮನೆಗೆ, ಬೀದಿಯ ಮೊದಲ ಮನೆ ಅದೇ.

"ಬೆಂಕಿ ಮುಂದೆ ಕೆಲಸ ಮಾಡೋರ ಎದೆ ಹೇಗಿದೆ ಅಂತ ನೋಡ್ತಾ ಇದೀವಿ, ಮೇಸ್ತ್ರಿಯವರೇ," ಎಂದಳು. "ಎದೆಹೊಡೆತದಲ್ಲಿ ಹೋಗೋರು ವರ್ಷ ವರ್ಷ ಜಾಸ್ತಿ ಆಗ್ತಿದಾರೆ. ಮುದುಕರಲ್ಲ, ದುಡಿಯೋ ವಯಸ್ಸಿನೋರು. ಮನೆಗೊಬ್ಬರದು ಅಳೀಬೇಕು, ಕಾರ್ಖಾನೆಗೆ ಹೋಗೋರದು."

"ಯಾರು ಕಳಿಸಿದ್ದು?"

"ದೊಡ್ಡಾಸ್ಪತ್ರೆಯಿಂದ."

"ದುಡ್ಡು?"

"ಪುಕ್ಕಟೆ."

ಪುಕ್ಕಟೆ ಅಂದದ್ದೇ ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಕಲ್ಲಿದ್ದಲು ಪುಕ್ಕಟೆ, ಸರಿ. ಆದರೆ ಮನೆಬಾಗಿಲಿಗೆ ಬಂದು ಪುಕ್ಕಟೆ ಉಪಕಾರ ಮಾಡುವವರನ್ನು ಅವನು ಈ ಐವತ್ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದುಕೊಂಡು ಹೊಸ್ತಿಲಿಗೆ ಅಡ್ಡ ನಿಂತ.

ಅವಳು ಕಾಗದ ತೆಗೆದು ಒಂದೊಂದಾಗಿ ಕೇಳಿದಳು. ಸಿಗರೇಟು ಸೇದ್ತೀರಾ? ಸೇದ್ತೀನಿ. ದಿನಕ್ಕೆಷ್ಟು? ನೀವು ಕೊಡಿಸ್ತೀರಾ, ಲೆಕ್ಕ ಇಡೋಕೆ? ನಿಮ್ಮ ತಂದೆ ಯಾವುದರಿಂದ ತೀರಿಕೊಂಡ್ರು? ಸಾವಿನಿಂದ. ಅವಳು ನಗದೆ ಬರೆದುಕೊಂಡಳು. ಉಪ್ಪು ಹೇಗೆ, ಜಾಸ್ತೀನಾ?

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಕೇಳಿಲ್ವಾ ನೀವು?"

"ಕೇಳಿದೀನಿ. ಹಾಗಂತ ತಾಯಿನ ಯಾರೂ ಹಿಡಿಗಟ್ಟಲೆ ತಿನ್ನಲ್ಲವಲ್ಲ. ಉಪ್ಪು ಕಡಿಮೆ ಮಾಡಿ, ಮೇಸ್ತ್ರಿಯವರೇ."

ಸಿಕ್ಕಿತಲ್ಲ ಎಳೆ! ಉಪ್ಪು ಕಡಿಮೆ ಮಾಡಿದರೆ ಯಾರಿಗೆ ಲಾಭ? ಬಕೆಟ್ಟಿಗೆ ಉಪ್ಪು ಹಾಕಿಸುವವನು ಯಾರು? ಮಾಲೀಕ! ಆಳು ಸತ್ತ ಎರಡೇ ವಾರಕ್ಕೆ ಇವಳು ಬರುತ್ತಾಳೆ, ಕಾರ್ಖಾನೆಗೆ ಹೋಗದೆ ಮನೆಗೇ ಬರುತ್ತಾಳೆ, ಯಾರ ಎದೆ ಎಷ್ಟು ಗಟ್ಟಿ ಅಂತ ಬರೆದುಕೊಳ್ಳುತ್ತಾಳೆ. ಪಟ್ಟಿ ಹೋಗುವುದು ಎಲ್ಲಿಗೆ ಎಂದು ಬಿಡಿಸಿ ಹೇಳಬೇಕೆ? ಎದೆ ಸರಿಯಿಲ್ಲದವನನ್ನು ಕಾರ್ಖಾನೆಯೊಳಗೆ ಸಾಯಲು ಬಿಟ್ಟರೆ ಹೂವಿನ ಮಾಲೆಯ ಖರ್ಚು. ಮೊದಲೇ ಹೊರಗೆ ಹಾಕಿದರೆ ಅದೂ ಉಳಿಯಿತು. ಮೇಸ್ತ್ರಿಗೆ ಎಲ್ಲವೂ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು.

ನರ್ಸಮ್ಮ ಚೀಲದಿಂದ ಒಂದು ಯಂತ್ರ ತೆಗೆದಳು. ಅಂಗೈಯಗಲದ ಡಬ್ಬಿ, ಅದರಿಂದ ಕೊಳವೆ, ಕೊಳವೆಯ ತುದಿಗೆ ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿ. "ಇದು ಮೂರು ದಿನ ನಿಮ್ಮ ಮನೇಲೇ ಇರತ್ತೆ. ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಒಂದ್ಸಲ, ಸಂಜೆ ಬಂದು ಅರ್ಧ ಗಂಟೆ ಸುಮ್ಮನೆ ಕೂತು ಒಂದ್ಸಲ. ಪಟ್ಟಿ ಸುತ್ತಿ ಗುಂಡಿ ಒತ್ತಿದ್ರೆ ಸಾಕು. ಬರೆಯೋದೇನೂ ಬೇಡ, ಯಂತ್ರವೇ ನೆನಪಿಟ್ಟುಕೊಳ್ಳತ್ತೆ."

ಅಯ್ಯೋ ಕಿಲಾಡಿ! ಸುಳ್ಳು ಬರೆಯಲಿಕ್ಕೂ ದಾರಿಯಿಲ್ಲದ ಹಾಗೆ ಮಾಡಿದ್ದಾಳೆ ಎಂದುಕೊಂಡ ಮೇಸ್ತ್ರಿ. ಬೇಡ ಎಂದರೆ ಬೇಡ ಅಂದವರ ಪಟ್ಟಿಯೊಂದು ಬೇರೆ ಹೋಗುತ್ತದೆ. ಹಲ್ಲು ಕಿರಿದು ಯಂತ್ರ ತೆಗೆದುಕೊಂಡ.

ಅವತ್ತು ಸಂಜೆ ಹೆಂಡತಿಯನ್ನು ಕರೆದು ಚಾಪೆಯ ಮೇಲೆ ಕೂರಿಸಿದ. "ಲೇ, ಕೈ ಚಾಚು."

"ಯಾಕ್ರೀ?"

"ನಿನ್ನ ತೋಳು, ನನ್ನ ಹೆಸರು. ನೀನು ಸೇದಲ್ಲ, ಬೆಂಕಿ ಮುಂದೆ ನಿಲ್ಲಲ್ಲ, ಕಡ್ಡಿ ಹಾಗಿದೀಯ. ಹೆಂಗಸರಿಗೆ ಎದೆ ಕಾಯಿಲೆ ಎಲ್ಲಿಂದ ಬರಬೇಕು? ಒಳ್ಳೇ ಲೆಕ್ಕ ಬರತ್ತೆ. ನನ್ನ ಕೆಲಸ ಉಳಿಯತ್ತೆ."

ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಈ ಮನುಷ್ಯನೊಡನೆ ವಾದ ಮಾಡಿ ಫಲವಿಲ್ಲವೆಂದು ಗೊತ್ತಿತ್ತು. ಕೈ ಚಾಚಿದಳು. ಪಟ್ಟಿ ಬುಸ್ ಎಂದು ಉಬ್ಬಿ ತೋಳನ್ನು ಹಿಂಡಿ, ಡಬ್ಬಿಯಲ್ಲಿ ಅಂಕಿಗಳು ಕುಣಿದು ನಿಂತವು. ಮೇಸ್ತ್ರಿಗೆ ಆ ಅಂಕಿಗಳ ತಲೆಬುಡ ಗೊತ್ತಿರಲಿಲ್ಲ, ಅವನು ನೋಡಲೂ ಹೋಗಲಿಲ್ಲ. ಮೂರು ದಿನ, ಆರು ಸಲ ಹೀಗೇ ನಡೆಯಿತು.

ಒಳ್ಳೆಯ ಉಪಾಯವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವಷ್ಟು ಸ್ವಾರ್ಥಿಯಲ್ಲ ಮೇಸ್ತ್ರಿ. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಬೀದಿಯ ಗಂಡಸರಿಗೆಲ್ಲ ಹೇಳಿಕೊಟ್ಟ. ಕುಲುಮೆ ನೋಡಿಕೊಳ್ಳುವ ಕಿಡಿಯಂತೂ ತೊಡೆ ತಟ್ಟಿಕೊಂಡು ನಕ್ಕ. ಕಿಡಿ ಅಂದರೆ ಅವನ ಅಡ್ಡಹೆಸರು. ಮೂಗಿನ ತುದಿಯಲ್ಲೇ ಸಿಟ್ಟು. ಹದಿನೆಂಟರ ಹುಡುಗನಾಗಿ ಬಂದಾಗಿನಿಂದ ಮೇಸ್ತ್ರಿಯ ಕೈಕೆಳಗೆ ಕಲಿತವನು; ಈಗ ಮೂವತ್ತೈದು. "ಗುರುಗಳೇ, ನಿಮ್ಮ ತಲೆ ತಲೆಯಲ್ಲ, ತಿಜೋರಿ" ಎಂದ. ನರ್ಸಮ್ಮನ ಬಳಿ ಇದ್ದದ್ದು ನಾಲ್ಕು ಯಂತ್ರ. ಅವು ಮನೆಯಿಂದ ಮನೆಗೆ ದಾಟುತ್ತಾ ಎರಡು ವಾರದಲ್ಲಿ ಬೀದಿಯನ್ನು ಮುಗಿಸಿದವು. ಹದಿನಾಲ್ಕು ಮನೆಗಳಲ್ಲೂ ಗಂಡನ ಹೆಸರಿಗೆ ಹೆಂಡತಿಯ ತೋಳು.

ನರ್ಸಮ್ಮ ಮತ್ತೆ ಬಂದದ್ದು ಒಂದು ರಜೆಯ ದಿನ, ಮಧ್ಯಾಹ್ನ. ಈ ಸಲ ಹೊಸ್ತಿಲಲ್ಲಿ ನಿಂತು ಕಾಗದ ಬಿಡಿಸಲಿಲ್ಲ. ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಮೇಸ್ತ್ರಿಯವರೇ, ಹೆದರ್ಕೋಬೇಡಿ. ನಿಮ್ಮ ರಕ್ತದೊತ್ತಡ ಬಹಳ ಜಾಸ್ತಿ ಇದೆ. ಮೇಲಿಂದು ನೂರಾ ತೊಂಬತ್ತು, ಕೆಳಗಿಂದು ನೂರಾ ಹತ್ತು. ಇಷ್ಟಿದ್ರೆ ಎದೆ ಯಾವತ್ತು ಬೇಕಾದ್ರೂ ಕೈಕೊಡಬಹುದು."

ಮೇಸ್ತ್ರಿ ಕೆಮ್ಮಿದ. ಅದು ಕೆಮ್ಮಲ್ಲ, ನಗು. ನುಂಗಿಕೊಂಡ.

"ಮೆಟ್ಟಿಲು ಹತ್ತಿದ್ರೆ ಏದುಸಿರು ಬರತ್ತಾ?"

"ಇಲ್ಲ."

"ಸಂಜೆ ಹೊತ್ತಿಗೆ ಪಾದ ಊದ್ಕೊಳತ್ತಾ? ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳತ್ತಾ?"

"ಇಲ್ಲ."

"ಮಲಗಿದ್ರೆ ಉಸಿರು ಕಟ್ಟಿದ ಹಾಗಾಗಿ ಎದ್ದು ಕೂರಬೇಕು ಅನ್ಸತ್ತಾ? ಎದೆ ಮೇಲೆ ಭಾರ ಇಟ್ಟ ಹಾಗೆ?"

"ಇಲ್ಲಮ್ಮ, ಇಲ್ಲ. ಕಲ್ಲುಗುಂಡಿನ ಹಾಗಿದೀನಿ."

ಅಡುಗೆ ಗೂಡಿನಲ್ಲಿ ಪಾತ್ರೆಯ ಸದ್ದು ನಿಂತುಹೋಗಿತ್ತು. ಕದ್ದು ಕೇಳುತ್ತಿದ್ದಾಳೆ, ಈ ಹೆಂಗಸರ ಚಾಳಿಯೇ ಇಷ್ಟು ಎಂದುಕೊಂಡ ಮೇಸ್ತ್ರಿ. ನರ್ಸಮ್ಮ ಮೂವತ್ತು ಗುಳಿಗೆಗಳನ್ನು ಕೊಟ್ಟು, ದಿನಾ ಬೆಳಿಗ್ಗೆ ಒಂದು ಎಂದು ಎರಡೆರಡು ಸಲ ಹೇಳಿ, ತಿಂಗಳೊಳಗೆ ಆಸ್ಪತ್ರೆಗೆ ಬನ್ನಿ ಎಂದು ಚೀಟಿ ಬರೆದುಕೊಟ್ಟು ಹೋದಳು.

ಸಂಜೆ ಚಹಾ ಅಂಗಡಿಯಲ್ಲಿ ಹಬ್ಬವೋ ಹಬ್ಬ. ಹದಿನಾಲ್ಕರಲ್ಲಿ ಒಂಬತ್ತು ಮನೆಗೆ ಗುಳಿಗೆ! "ನೋಡಿದ್ರಾ?" ಎಂದ ಮೇಸ್ತ್ರಿ, ಬೆಂಚು ಗುದ್ದಿ. "ತೋಳು ನಮ್ಮದೇ ಅಲ್ಲ, ಆದ್ರೂ ರೋಗ ನಮಗೆ! ಯಂತ್ರಾನೂ ಮೋಸ, ಅದನ್ನ ತಂದೋಳೂ ಮೋಸ." ಗಂಡಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಂದು ಇನ್ನೂರ ಮೇಲಂತೆ ಗುರುಗಳೇ," ಎಂದು ಕಿಡಿ ಎದೆ ಉಬ್ಬಿಸಿದ, "ಬೀದಿಗೇ ನಾನು ಮೊದಲು!" ಗುಳಿಗೆಗಳನ್ನು ಕೆಲವರು ಅಲ್ಲೇ ಚರಂಡಿಗೆ ಎಸೆದರು. ಇಷ್ಟು ಜನ ಕೂತಿದ್ದರಲ್ಲ, ತೋಳು ನಮ್ಮದಲ್ಲದಿದ್ದರೆ ಮತ್ತಾರದ್ದು ಎಂದು ಒಬ್ಬ ಗಂಡುಮಗನಾದರೂ ಕೇಳಿದನೇ? ಇಲ್ಲ. ಬುದ್ಧಿ ಅನ್ನುವುದನ್ನು ಎಲ್ಲರೂ ಮೇಸ್ತ್ರಿಯ ತಿಜೋರಿಯಲ್ಲಿ ಇಟ್ಟುಬಿಟ್ಟಿದ್ದರು.

ಮೇಸ್ತ್ರಿ ತನ್ನ ಗುಳಿಗೆಗಳನ್ನು ಎಸೆಯಲಿಲ್ಲ. ಮುಂದೊಂದು ದಿನ ಸಾಕ್ಷಿಗೆ ಬೇಕಾಗುತ್ತದೆ ಎಂದು ತಗಡಿನ ಡಬ್ಬಿಗೆ ಹಾಕಿ ಅಡುಗೆ ಗೂಡಿನ ಅಟ್ಟದ ಮೂಲೆಗೆ ತಳ್ಳಿದ. ಹತ್ತು ದಿನ ಕಳೆದ ಮೇಲೆ, ಸಾಕ್ಷಿ ಸರಿಯಾಗಿದೆಯೇ ನೋಡೋಣವೆಂದು ಡಬ್ಬಿ ಇಳಿಸಿ ಎಣಿಸಿದ. ಇಪ್ಪತ್ತು.

ಮತ್ತೆ ಎಣಿಸಿದ. ಇಪ್ಪತ್ತೇ. ಮರುದಿನ ಎಣಿಸಿದ, ಹತ್ತೊಂಬತ್ತು.

ಮನೆಯಲ್ಲಿರುವವರು ಇಬ್ಬರು. ದಿನಕ್ಕೊಂದರಂತೆ ಗುಳಿಗೆ ಮಾಯವಾಗುತ್ತಿದೆ. ಎಲ್ಲಿಗೆ? ನರ್ಸಮ್ಮ ದಿನಾ ಬೆಳಿಗ್ಗೆ ಒಂದು ಅಂದಿದ್ದಳು. ಅದನ್ನು ಅಡುಗೆ ಗೂಡಿನಿಂದ ಇವಳು ಕೇಳಿಸಿಕೊಂಡಿದ್ದಳು. ಸರಿಹೋಯಿತು! ಇವಳು ಅದನ್ನು ಪುಡಿ ಮಾಡಿ ನನ್ನ ಊಟಕ್ಕೆ ಬೆರೆಸುತ್ತಿದ್ದಾಳೆ. ಆ ನರ್ಸಮ್ಮನೇ ಹಿತ್ತಲ ಕಡೆಯಿಂದ ಬಂದು ಹೇಳಿಕೊಟ್ಟಿರಬೇಕು. ಅಷ್ಟಕ್ಕೂ ಈಗೊಂದು ವಾರದಿಂದ ಅಡುಗೆ ಸಪ್ಪೆಯಾಗಿತ್ತಲ್ಲ? ಕೇಳಿದರೆ, "ಉಪ್ಪು ಮುಗಿದಿತ್ತು ಕಣ್ರೀ" ಎಂದಿದ್ದಳು. ಉಪ್ಪಿನ ಜಾಡಿಯಲ್ಲಿ ಕೈ ಹಾಕಿ ನೋಡಿದ. ಅರ್ಧ ಜಾಡಿ ಉಪ್ಪಿತ್ತು.

ಅವತ್ತಿನಿಂದ ಮೇಸ್ತ್ರಿ ಮನೆಯಲ್ಲಿ ನೆಮ್ಮದಿಯಾಗಿ ಒಂದು ತುತ್ತು ಉಣ್ಣಲಿಲ್ಲ. ತನ್ನ ತಟ್ಟೆಯನ್ನು ಅವಳ ಕಡೆ ತಳ್ಳಿ ಅವಳದ್ದನ್ನು ಎಳೆದುಕೊಳ್ಳುತ್ತಿದ್ದ. ಅವಳು ಮಾತಾಡದೆ ಅವನ ತಟ್ಟೆಯಲ್ಲೇ ಉಣ್ಣುತ್ತಿದ್ದಳು. ಚಹಾ ಕೊಟ್ಟರೆ, "ಮೊದಲು ನೀನು ಕುಡಿ" ಎನ್ನುತ್ತಿದ್ದ. ಕುಡಿಯುತ್ತಿದ್ದಳು. ಇದೇನಪ್ಪಾ, ವಿಷ ಹಾಕುವವಳು ತಾನೇ ನುಂಗುತ್ತಾಳೆಯೇ? ತಲೆ ಕೆಟ್ಟು ಗೊಬ್ಬರವಾಯಿತು. ಗುಳಿಗೆ ಮಾತ್ರ ದಿನಕ್ಕೊಂದು ಕಡಿಮೆಯಾಗುತ್ತಲೇ ಇತ್ತು.

ಒಂದು ಬೆಳಿಗ್ಗೆ ಎಂದಿನಂತೆ ಬುತ್ತಿ ಹಿಡಿದು ಹೊರಟವನು ಬೀದಿಯ ತಿರುವಿನಲ್ಲಿ ನಿಂತು, ಸುತ್ತು ಹಾಕಿ, ಮನೆಯ ಹಿಂಬದಿಗೆ ಬಂದ. ಮುರುಕು ಅಚ್ಚಿನ ಪೆಟ್ಟಿಗೆಯೊಂದನ್ನು ಎಳೆದು, ಅದರ ಮೇಲೆ ಹತ್ತಿ, ಅಡುಗೆ ಗೂಡಿನ ಕಿಂಡಿಗೆ ಕಣ್ಣಿಟ್ಟ. ಹೊಗೆ ನೇರ ಮುಖಕ್ಕೇ ಬಂತು. ಕಣ್ಣೊರೆಸಿಕೊಂಡು ನೋಡಿದ.

ಹೆಂಡತಿ ನೀರಿನ ಕೊಡವನ್ನು ಹೊರಗಿನಿಂದ ತಂದಳು. ಇಳಿಸಲಿಲ್ಲ; ಗೋಡೆಗೆ ಒರಗಿಸಿ ಹಿಡಿದುಕೊಂಡು, ಬಾಯಿ ತೆರೆದು ಉಸಿರೆಳೆಯುತ್ತಾ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಕೊಡ ಇಳಿಸಿ, ಸೀರೆಯ ಅಂಚನ್ನು ತುಸು ಎತ್ತಿ, ಪಾದವನ್ನು ಬೆರಳಿನಿಂದ ಒತ್ತಿ, ಬಿಟ್ಟು, ನೋಡಿದಳು. ಎದ್ದು ಅಟ್ಟದ ಡಬ್ಬಿಯಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿ ನೀರು ಕುಡಿದಳು.

ಮೇಸ್ತ್ರಿ ಪೆಟ್ಟಿಗೆಯಿಂದ ಇಳಿದು ಮುಂಬಾಗಿಲಿಗೆ ಓಡಿದ.

"ಸಿಕ್ಕಿಬಿದ್ದೆ! ನನ್ನ ಹೆಸರಿನ ಗುಳಿಗೆ ನೀನ್ಯಾಕೆ ನುಂಗ್ತೀಯ? ಯಾರು ಹೇಳಿದ್ರು ನುಂಗು ಅಂತ?"

ಅವಳು ಲೋಟ ಕೆಳಗಿಟ್ಟಳು. ಹೆದರಲಿಲ್ಲ. "ಹೆಸರು ನಿಮ್ಮದು. ತೋಳು ನಂದಲ್ವಾ?" ಎಂದಳು.

ಅವಳು ಅಂದದ್ದು ಮೇಸ್ತ್ರಿಯ ಕಿವಿಗೆ ಬಿತ್ತು. ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದಾಗ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟ. ಯಂತ್ರ ಮೋಸವಲ್ಲ. ನರ್ಸಮ್ಮ ಹೇಳಿದ ನೂರಾ ತೊಂಬತ್ತು ಈ ಕಡ್ಡಿಯಂಥ ತೋಳಿನೊಳಗೆ ಹರಿಯುತ್ತಿತ್ತು. ಅವಳ ಪಾದ ನೋಡಿದ. ಬೆರಳು ಒತ್ತಿದ ಗುಳಿ ಇನ್ನೂ ತುಂಬಿರಲಿಲ್ಲ. ಆ ದಿನ ಮೇಸ್ತ್ರಿ ಕೆಲಸಕ್ಕೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಸಾಲು. ಒಬ್ಬ ಎಳೆಯ ಡಾಕ್ಟರು ಅವಳ ಎದೆಗೆ ತಂತಿಗಳನ್ನು ಅಂಟಿಸಿ, ಯಂತ್ರದಿಂದ ಉದ್ದನೆಯ ಕಾಗದ ತೆಗೆದು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಅಮ್ಮಾ, ಒಂದು ಸಲ ಪೆಟ್ಟು ಬಿದ್ದು ಹೋಗಿದೆ ಈ ಎದೆಗೆ. ಐದಾರು ತಿಂಗಳಾಗಿರಬಹುದು. ನೆನಪಿದೆಯಾ?"

"ಇದೆ. ಬಟ್ಟೆ ಹಿಂಡ್ತಿದ್ದೆ. ಎದೆ ಮೇಲೆ ಯಾರೋ ಹತ್ತಿ ಕೂತ ಹಾಗಾಯ್ತು. ಬೆವರು ಬಂತು. ಕಲ್ಲಿನ ಮೇಲೇ ಮಲಗಿದೆ, ನೆರಳು ತಿರುಗೋವರೆಗೂ."

"ಮನೇಲಿ ಹೇಳಲಿಲ್ವಾ?"

"ಇವರು ಸಂಜೆ ಬಂದು ಕೇಳಿದ್ರು, ಯಾಕೆ ಮುಖ ಹೀಗಿದೆ, ಏನಾದ್ರೂ ಆಗಿದೆಯಾ ಅಂತ. ಇಲ್ಲ ಅಂದೆ." ಅವಳು ಗಂಡನ ಕಡೆ ನೋಡದೆ ಸೆರಗು ಸರಿಮಾಡಿಕೊಂಡಳು. "ಹೌದು ಅಂದ್ರೆ ನೂರು ಪ್ರಶ್ನೆ ಡಾಕ್ಟ್ರೇ. ಎಲ್ಲಿ ಹೋಗಿದ್ದೆ, ಯಾರ ಮನೇಲಿ ಏನು ತಿಂದೆ, ನಾಟಕನಾ ನಿಜಾನಾ. ಇಲ್ಲ ಅಂದ್ರೆ ಒಂದೇ ಮಾತಿಗೆ ಮುಗಿಯತ್ತೆ."

ಮೇಸ್ತ್ರಿಗೆ ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು. ಮೂವತ್ತು ವರ್ಷ ಜಗತ್ತೆಲ್ಲ ತನಗೆ ಸುಳ್ಳು ಹೇಳುತ್ತದೆ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಸುಳ್ಳು ಹೇಳಿದವಳು ಪಕ್ಕದಲ್ಲೇ ಇದ್ದಳು, ಅದೂ ಅವನ ದೆಸೆಯಿಂದಲೇ.

ಡಾಕ್ಟರು ಬೇರೆ ಎರಡು ಬಗೆಯ ಗುಳಿಗೆ ಬರೆದರು, ಒಲೆಯನ್ನು ಹೊರಗಿಡಲು ಹೇಳಿದರು, ಸರಿಯಾಗಿ ನೋಡಿಕೊಂಡರೆ ಬಹಳ ವರ್ಷ ಇರುತ್ತಾರೆ ಎಂದರು. ಈ ಸಲ ಚೀಟಿಯ ಮೇಲೆ ಅವಳದೇ ಹೆಸರಿತ್ತು. ನರ್ಸಮ್ಮ ಮೊಗಸಾಲೆಯಲ್ಲಿ ಸಿಕ್ಕಳು. ಮೇಸ್ತ್ರಿ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಒಪ್ಪಿಕೊಂಡ. ಅವಳು ಕೇಳುತ್ತಾ ಕೇಳುತ್ತಾ ಚೀಲವನ್ನು ಬೆಂಚಿನ ಮೇಲೆ ಕುಕ್ಕಿದಳು.

"ಒಂದು ತಿಂಗಳು ಬಿಸಿಲಲ್ಲಿ ಅಲೆದಿದೀನಿ! ಬೆಂಕಿ ಮುಂದೆ ದುಡಿಯೋ ಗಂಡಸರಿಗೆ ಹೀಗಾಗತ್ತೆ ಅಂತ ನಮ್ಮ ದೊಡ್ಡ ಡಾಕ್ಟ್ರು ಬರೆಯೋಕೇ ಕೂತಿದ್ದಾರೆ. ಮೊದಲು ಅದನ್ನ ನಿಲ್ಲಿಸ್ಬೇಕೀಗ."

"ಪಟ್ಟಿ... ಮಾಲೀಕನಿಗೆ ಹೋಯ್ತಾ?"

"ಯಾವ ಮಾಲೀಕ? ಆ ಮಹಾರಾಯ ನಮ್ಮನ್ನ ಗೇಟೊಳಗೇ ಬಿಡಲಿಲ್ಲ. ಅದಕ್ಕೇ ಮನೆ ಮನೆಗೆ ಬಂದದ್ದು." ಅವಳು ತಟ್ಟನೆ ಮಾತು ನಿಲ್ಲಿಸಿದಳು. "ಮೇಸ್ತ್ರಿಯವರೇ, ನಿಮ್ಮದೊಂದೇ ಮನೇನಾ ಹೀಗೆ ಮಾಡಿದ್ದು?"

ಮೇಸ್ತ್ರಿ ಅಲ್ಲವೆಂದು ತಲೆಯಾಡಿಸಿದ. ಅವಳಿಗೆ ಅರ್ಥವಾಯಿತು. ಬೆಂಚಿನ ಮೇಲೆ ಕೂತು ಹಣೆ ಹಿಡಿದುಕೊಂಡಳು.

"ಒಂದು ಮನೇದಂತೂ ನಿಮ್ಮನೇದಕ್ಕಿಂತ ಮೇಲಿದೆ," ಎಂದಳು. "ಎರಡು ಸಲ ಹೋದೆ. ಗುಳಿಗೆ ಚೆನ್ನಾಗಿ ನುಂಗ್ತಿದೀನಿ ಅಂತ ಬಾಗಿಲಲ್ಲೇ ನಕ್ಕು ಕಳಿಸಿದ. ನಾನು ಹೇಳಿದ್ರೆ ಆ ಬೀದೀಲಿ ಯಾರೂ ಕೇಳಲ್ಲ. ಕೇಳಬಾರದು ಅಂತ ಕಲಿಸಿದೋರು ನೀವೇ. ನೀವೇ ಹೋಗಿ ಹೇಳಿ. ಆಮೇಲೆ ನಿಮ್ಮ ಸ್ವಂತ ತೋಳು ತಗೊಂಡು ಬನ್ನಿ, ಗಂಡಸರ ಲೆಕ್ಕ ಇನ್ನೂ ಯಾರಿಗೂ ಗೊತ್ತಿಲ್ಲ."

ಮಾಡಿದ್ದುಣ್ಣೋ ಮಹಾರಾ‌ಯ! ಹೆಂಡತಿಯನ್ನು ಮನೆಯಲ್ಲಿ ಮಲಗಿಸಿ, ಅವತ್ತೇ ಸಂಜೆ ಮೇಸ್ತ್ರಿ ಬಾಗಿಲು ತಟ್ಟಲು ಹೊರಟ. ಯಾರ ಯಾರ ಮನೆಗೆ ಗುಳಿಗೆ ಬಂದಿತ್ತೆಂದು ಅವನಿಗೆ ಪಟ್ಟಿ ಬೇಕಿರಲಿಲ್ಲ. ಎಲ್ಲರೂ ಅವನೆದುರೇ ನಕ್ಕಿದ್ದರು. ಮೊದಲ ಮನೆಯವನು ತಮಾಷೆ ಎಂದುಕೊಂಡ. ಎರಡನೆಯವನು ಕಿವಿಯಲ್ಲಿ, "ಏನು ಹೊಸ ಉಪಾಯಾನಾ ಮೇಸ್ತ್ರಿ?" ಎಂದು ಕಣ್ಣು ಮಿಟುಕಿಸಿದ. ಮೂರನೆಯ ಮನೆಯಲ್ಲಿ ಮಾತ್ರ ಮುದುಕಿ ತಾಯಿಯೊಬ್ಬಳು, "ಸೊಸೆಗೆ ಏದುಸಿರು ಬರೋದು ನಿಜ ಕಣಪ್ಪಾ, ನಾಳೆ ಕರ್ಕೊಂಡು ಹೋಗ್ತೀನಿ" ಎಂದಳು. ನಾಲ್ಕನೆಯವನು ಬಾಗಿಲು ಹಾಕಿಕೊಂಡ.

ಕಿಡಿಯ ಮನೆ ಬೀದಿಯ ಕೊನೆಗೆ. ಕಿಡಿ ಹೊಸ್ತಿಲ ಒಳಗೆ ಕೂತು, ಕಿತ್ತುಹೋದ ಬೂಟಿಗೆ ದಬ್ಬಳದಿಂದ ಹೊಲಿಗೆ ಹಾಕುತ್ತಿದ್ದ. ಅವನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು, "ಬನ್ನಿ ಮಾವ" ಎಂದು ಬಾಗಿಲ ಮರೆಗೆ ನಿಂತಳು. ಮೂವತ್ತು ದಾಟಿರದ ಹುಡುಗಿ. ಇನ್ನೂರ ಮೇಲೆ ಎಂದು ಕಿಡಿ ಎದೆ ಉಬ್ಬಿಸಿದ್ದು ಮೇಸ್ತ್ರಿಗೆ ಮರೆತಿರಲಿಲ್ಲ. ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ: ಕಿಂಡಿ, ಕೊಡ, ಊದಿದ ಪಾದ, ಉದ್ದನೆಯ ಕಾಗದ, ಎದೆಗೆ ಬಿದ್ದ ಪೆಟ್ಟು.

ಕಿಡಿ ದಾರ ಎಳೆಯುತ್ತಾ ಕೇಳಿದ. ಕೇಳಿ ಮುಗಿಸಿ ಕಣ್ಣು ಕಿರಿದು ಮಾಡಿದ. ಎರಕ ತಟ್ಟುವಾಗ ಹೀಗೆ ನೋಡಬೇಕು ಎಂದು ಮೇಸ್ತ್ರಿಯೇ ಅವನಿಗೆ ಕಲಿಸಿದ ನೋಟ ಅದು.

"ಮಾಲೀಕ ನಿಮಗೇನು ಆಸೆ ತೋರಿಸಿದ, ಗುರುಗಳೇ?"

"ಥೂ! ನನ್ನ ಮಗಳಾಣೆ ಕಣೋ."

"ಆಣೆ ಇಡೋನನ್ನ ಮೊದಲು ಅನುಮಾನಿಸು ಅಂದೋರು ನೀವೇ."

"ನಾನೊಬ್ಬ ಮೂರ್ಖ, ಅಂದೆ. ನನ್ನ ನಂಬಬೇಡ ನೀನು. ಯಾರನ್ನೂ ನಂಬಬೇಡ. ಇವಳನ್ನ ಕೇಳು. ಒಂದೇ ಒಂದು ಸಲ ಕೇಳು."

ಕಿಡಿ ದಬ್ಬಳವನ್ನು ತೊಗಲಿಗೆ ಚುಚ್ಚಿ, ತಲೆ ಎತ್ತದೆ, "ಏನೇ, ಎದೆ ನೋವು ಗೀವು ಇದೆಯಾ ನಿಂಗೆ? ಉಸಿರು ಕಟ್ಟತ್ತಾ?" ಎಂದ.

ಅವಳು ಗಂಡನ ಬಗ್ಗಿದ ತಲೆಯನ್ನು ನೋಡಿದಳು, ಮೇಸ್ತ್ರಿಯನ್ನು ನೋಡಿದಳು.

"ಇಲ್ಲ," ಎಂದಳು.

"ಕೇಳಿಸ್ತಲ್ಲ? ಮನೆಗೆ ಹೋಗಿ, ಮೇಸ್ತ್ರಿ."

ಮೇಸ್ತ್ರಿಗೆ ಕೇಳಿಸಿತ್ತು. ಅವನು ಏಳಲಿಲ್ಲ. ಕೈ ಚಾಚಿ ಕಿಡಿಯ ಕೈಯಿಂದ ಬೂಟನ್ನು ಕಿತ್ತುಕೊಂಡ.

"ಇನ್ನೊಂದ್ಸಲ ಕೇಳೋ, ನಿನ್ನ ಕಾಲಿಗೆ ಬೀಳ್ತೀನಿ. ಈ ಸಲ ಅವಳ ಮುಖ ನೋಡ್ಕೊಂಡು ಕೇಳು."

ಸಿಟ್ಟಿನಿಂದ ಮೇಲೆದ್ದ ಕಿಡಿ ಹಿಂದಕ್ಕೆ ತಿರುಗಿದ. ಅವಳು ಆಗಲೇ ಚೌಕಟ್ಟಿಗೆ ಒರಗಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಸದ್ದಾಗದ ಹಾಗೆ ಬಾಯಲ್ಲಿ ಉಸಿರೆಳೆಯುತ್ತಿದ್ದಳು.